‘ಛತ್ರದಲ್ಲಿ ಸ್ಥಳವಿರಲಿಲ್ಲ’: ಒಂದು ವಚನದ ಗ್ರೀಕ್ ಮೂಲವನ್ನು ಓದುವ ಬಗೆ

ಕ್ರಿಸ್ಮಸ್ ನಾಟಕಗಳಲ್ಲಿ ಛತ್ರದ ಯಜಮಾನನ ಪಾತ್ರ ಯಾರ ಪಾಲಿಗಾದರೂ ಬಂದೇ ಬರುತ್ತದೆ. ಬಾಗಿಲನ್ನು ಅರ್ಧ ತೆರೆದು, ‘ಜಾಗ ಇಲ್ಲ, ಮುಂದೆ ಹೋಗಿ’ ಎಂದು ಗದರಿ ಒಳಗೆ ಹೋದರೆ ಅವನ ಕೆಲಸ ಮುಗಿಯಿತು. ಈಗ ಲೂಕನ ಸುವಾರ್ತೆಯ 2ನೇ ಅಧ್ಯಾಯ ತೆಗೆದು ಅವನನ್ನು ಹುಡುಕಿ. ಯಜಮಾನನಿಲ್ಲ, ಬಾಗಿಲಿಲ್ಲ, ಗದರಿಕೆಯೂ ಇಲ್ಲ. ಇರುವುದು ಒಂದು ಗ್ರೀಕ್ ಪದ: ಕತಲುಮ. ಅದು ‘ಛತ್ರ’ ಎಂದು ಅನುವಾದವಾಯಿತು, ಛತ್ರ ಎಂದ ಮೇಲೆ ಯಜಮಾನ ಬೇಕಾಯಿತು, ಯಜಮಾನನಿಗೆ ಮಾತು ಬೇಕಾಯಿತು.

ಒಂದು ವಚನದ ಮೂಲವನ್ನು ನೋಡುವುದೆಂದರೆ ಅದರೊಳಗೆ ಗುಪ್ತನಿಧಿ ತೋಡುವುದಲ್ಲ. ಹೆಚ್ಚಿನ ಸಲ ನಡೆಯುವುದು ಇದಕ್ಕೆ ತಿರುಗಾಮುರುಗಾ: ವಚನದಲ್ಲಿ ಇದೆಯೆಂದು ನಾವು ನಂಬಿಕೊಂಡಿದ್ದ ಕೆಲವು ಸಂಗತಿಗಳು ಅಲ್ಲಿಲ್ಲ ಎಂದು ತಿಳಿಯುತ್ತದೆ. ಮರಿಯಳು ಚೊಚ್ಚಲ ಮಗನನ್ನು ಹೆತ್ತು, ಬಟ್ಟೆಯಲ್ಲಿ ಸುತ್ತಿ, ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ಗೋದಲಿಯಲ್ಲಿ ಮಲಗಿಸಿದಳು ಎನ್ನುವ ಲೂಕ 2:7 ಅನ್ನೇ ಈ ಬರಹದುದ್ದಕ್ಕೂ ಹಿಡಿದು ಹೆಜ್ಜೆಹೆಜ್ಜೆಯಾಗಿ ಹೋಗೋಣ. ಹಾದಿ ಗೊತ್ತಾದ ಮೇಲೆ ಬೇರೆ ವಚನಗಳಲ್ಲಿ ನೀವೇ ನಡೆಯಬಹುದು. ಗ್ರೀಕ್ ವ್ಯಾಕರಣ ಕಲಿತಿರಬೇಕೆಂಬ ನಿಯಮವಿಲ್ಲ. ತಾಳ್ಮೆ ಮಾತ್ರ ಬೇಕು.

1. ಮೊದಲು ಕನ್ನಡದಲ್ಲೇ ಓದಿ, ಒಂದೇ ಪ್ರಶ್ನೆ ಬರೆದುಕೊಳ್ಳಿ

ಗ್ರೀಕ್ ಪುಟ ತೆರೆಯುವ ಆತುರ ಬೇಡ. ವಚನದ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ನಿಮಗೆ ಗೊತ್ತಿರುವ ಭಾಷೆಯಲ್ಲೇ ಎರಡು ಮೂರು ಅನುವಾದಗಳಲ್ಲಿ ಓದಿ. ಅವು ಎಲ್ಲಿ ಒಂದನ್ನೊಂದು ಒಪ್ಪುವುದಿಲ್ಲವೋ ಅಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಅನುವಾದಕರು ಜಗಳವಾಡುವ ಜಾಗದಲ್ಲೇ ಮೂಲದಲ್ಲಿ ಏನೋ ಇಕ್ಕಟ್ಟು ಇರುತ್ತದೆ.

ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಕನ್ನಡ ಅನುವಾದ ‘ಛತ್ರ’ ಎನ್ನುತ್ತದೆ. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದವೂ ಅದೇ ಅರ್ಥದ ಪದವನ್ನು ಬಳಸಿದೆ. ನ್ಯೂ ಇಂಟರ್‌ನ್ಯಾಷನಲ್ ವರ್ಷನ್ 1984ರಲ್ಲಿ ಹಾಗೇ ಇದ್ದು, 2011ರ ಪರಿಷ್ಕರಣೆಯಲ್ಲಿ ‘ಅತಿಥಿಗಳ ಕೋಣೆ’ಗೆ ಬದಲಾಯಿತು. ನಮ್ಮ ಪ್ರಶ್ನೆ ಇಲ್ಲೇ ಸಿಕ್ಕಿತು: ಯೋಸೇಫ ಮರಿಯರಿಗೆ ಸ್ಥಳ ಸಿಗದಿದ್ದದ್ದು ಎಲ್ಲಿ?

ಓದುವಾಗ 6ನೇ ವಚನವನ್ನೂ ಗಮನಿಸಿ. ಅವರು ‘ಅಲ್ಲಿದ್ದಾಗ’ ಮರಿಯಳಿಗೆ ದಿನ ತುಂಬಿದವು. ಅಂದರೆ ಹೆರಿಗೆ ನೋವಿನಲ್ಲೇ ಊರು ಸೇರಿ ಮನೆಮನೆ ಬಾಗಿಲು ತಟ್ಟಿದರು ಎಂಬ ಚಿತ್ರಕ್ಕೆ ಲೂಕನಲ್ಲಿ ಆಧಾರವಿಲ್ಲ. ಇದನ್ನು ತಿಳಿಯಲು ಗ್ರೀಕ್ ಬೇಕಾಗಿರಲಿಲ್ಲ, ಮೆಲ್ಲಗೆ ಓದುವುದು ಬೇಕಿತ್ತು. ಮೂಲಭಾಷೆಯಿಂದ ಬಗೆಹರಿಯುತ್ತದೆಂದು ಜನ ತರುವ ಪ್ರಶ್ನೆಗಳಲ್ಲಿ ಎಷ್ಟೋ ಈ ಹಂತದಲ್ಲೇ ಮುಗಿದುಹೋಗುತ್ತವೆ.

2. ಅಕ್ಷರಗಳು: ಕನ್ನಡ ಬಲ್ಲವರಿಗೆ ಸಲೀಸು

ಗ್ರೀಕ್ ವರ್ಣಮಾಲೆಯಲ್ಲಿ 24 ಅಕ್ಷರಗಳಿವೆ. ದಿನಕ್ಕೆ ನಾಲ್ಕರಂತೆ ಬರೆದು ರೂಢಿ ಮಾಡಿಕೊಂಡರೆ ವಾರದೊಳಗೆ ಓದಬಹುದು. ಇಂಗ್ಲಿಷ್ ಬಲ್ಲವರು ಎಡವುವುದು ಒಂದೇ ರೂಪದ ಅಕ್ಷರಗಳಲ್ಲಿ: ಇಂಗ್ಲಿಷಿನ ‘ಪಿ’ಯಂತೆ ಕಾಣುವ ‘ರೋ’ ನಿಜವಾಗಿ ರಕಾರ, ಸಣ್ಣ ‘ವಿ’ಯಂತೆ ಕಾಣುವ ‘ನ್ಯೂ’ ನಕಾರ, ‘ಡಬ್ಲ್ಯು’ವಿನಂತೆ ಕಾಣುವ ‘ಒಮೇಗಾ’ ದೀರ್ಘ ಓಕಾರ.

ಆದರೆ ಇಂಗ್ಲಿಷ್ ವಿದ್ಯಾರ್ಥಿ ತಿಂಗಳುಗಟ್ಟಲೆ ಒದ್ದಾಡುವ ಒಂದು ಕಡೆ ನಮಗೆ ಕಷ್ಟವೇ ಇಲ್ಲ. ಎಪ್ಸಿಲಾನ್ ಎಂದರೆ ಎ, ಏಟಾ ಎಂದರೆ ಏ. ಒಮಿಕ್ರಾನ್ ಎಂದರೆ ಒ, ಒಮೇಗಾ ಎಂದರೆ ಓ. ಹ್ರಸ್ವ ದೀರ್ಘಗಳ ಈ ಎರಡು ಜೋಡಿ ನಮ್ಮ ಲಿಪಿಯಲ್ಲಿ ಹಾಗೆಯೇ ಇವೆ. ಥೀಟಾ, ಫೈ, ಖೈ ಎಂಬ ಮೂರು ಅಕ್ಷರಗಳು ಪ್ರಾಚೀನ ಗ್ರೀಕಿನಲ್ಲಿ ಮಹಾಪ್ರಾಣಗಳೇ ಆಗಿದ್ದವು. ಹೀಗಾಗಿ ಗ್ರೀಕ್ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವ ಬದಲು ಕನ್ನಡದಲ್ಲೇ ಬರೆದುಕೊಳ್ಳಿ:

ಕಯ್ ಎತೆಕೆನ್ ತೊನ್ ಹುಯಿಯೊನ್ ಔತೇಸ್ ತೊನ್ ಪ್ರೋತೊತೊಕೊನ್, ಕಯ್ ಎಸ್ಪರ್ಗನೋಸೆನ್ ಔತೊನ್ ಕಯ್ ಅನೆಕ್ಲಿನೆನ್ ಔತೊನ್ ಎನ್ ಫತ್ನೇ, ದಿಯೊತಿ ಊಕ್ ಏನ್ ಔತೊಯ್ಸ್ ತೊಪೊಸ್ ಎನ್ ತೋ ಕತಲುಮತಿ.

ಎರಡು ಸಲ ಗಟ್ಟಿಯಾಗಿ ಓದಿ. ‘ಕಯ್’ ಎಂದರೆ ‘ಮತ್ತು’. ಅದು ಮೂರು ಸಲ ಬಂದು ಮೂರು ಕ್ರಿಯೆಗಳನ್ನು ಸರಕ್ಕೆ ಪೋಣಿಸಿದಂತೆ ಪೋಣಿಸುತ್ತದೆ: ಹೆತ್ತಳು, ಸುತ್ತಿದಳು, ಮಲಗಿಸಿದಳು. ಕನ್ನಡದ ಸಹಜ ಓಟಕ್ಕೆ ‘ಹೆತ್ತು, ಸುತ್ತಿ, ಮಲಗಿಸಿದಳು’ ಎಂದಾಗ ಮೂರರ ಸಮತೂಕ ಕೊಂಚ ಮಾಸುತ್ತದೆ. ಇದು ಅನುವಾದದ ತಪ್ಪಲ್ಲ, ಭಾಷೆಗಳ ನಡಿಗೆ ಬೇರೆ.

3. ಯಾವ ಗ್ರೀಕ್ ಪಾಠ?

‘ಮೂಲ’ ಎಂದು ಒಂದೇ ಪುಸ್ತಕ ಎಲ್ಲೋ ಇದೆ ಎಂದುಕೊಂಡಿದ್ದರೆ ಅದನ್ನು ಬಿಡಬೇಕಾಗುತ್ತದೆ. ಲೂಕನ ಕೈಬರಹ ಉಳಿದಿಲ್ಲ. ಉಳಿದಿರುವುದು ಪ್ರತಿಗಳ ಪ್ರತಿಗಳು. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು, ಚೂರುಗಳನ್ನೂ ಸೇರಿಸಿ, ಐದು ಸಾವಿರಕ್ಕೂ ಹೆಚ್ಚು ಪಟ್ಟಿಯಾಗಿವೆ. 4ನೇ ಶತಮಾನದ ಸಿನಾಯ್ ಹಸ್ತಪ್ರತಿ ಮತ್ತು ವ್ಯಾಟಿಕನ್ ಹಸ್ತಪ್ರತಿ ಅವುಗಳಲ್ಲಿ ತುಂಬ ತೂಕದವು. ಆ ಕಾಲದ ಬರಹದಲ್ಲಿ ಎಲ್ಲವೂ ದೊಡ್ಡಕ್ಷರ. ಪದಗಳ ನಡುವೆ ಬಿಡುವಿಲ್ಲ. ವಚನಸಂಖ್ಯೆಗಳಂತೂ ಇಲ್ಲವೇ ಇಲ್ಲ, ಅವನ್ನು ಹಾಕಿದವನು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಸಿನಾಯ್ ಹಸ್ತಪ್ರತಿಯ ಛಾಯಾಚಿತ್ರಗಳು 2009ರಿಂದ ಅಂತರ್ಜಾಲದಲ್ಲಿ ಉಚಿತವಾಗಿವೆ. ಒಮ್ಮೆ ಲೂಕ 2 ಇರುವ ಪುಟವನ್ನು ಸುಮ್ಮನೆ ನೋಡಿ. ಓದಲಾಗದಿದ್ದರೂ ಪರವಾಗಿಲ್ಲ, ‘ಮೂಲದಲ್ಲಿ ಇಲ್ಲಿ ಅಲ್ಪವಿರಾಮ ಇದೆ’ ಎಂದು ವಾದಿಸುವ ಚಟ ಅಲ್ಲಿಗೆ ಬಿಟ್ಟುಹೋಗುತ್ತದೆ.

ಮುದ್ರಿತ ಪಾಠಗಳಲ್ಲಿ ಎರಡು ಮುಖ್ಯ ಕವಲು. ಎರಾಸ್ಮಸ್ 1516ರಲ್ಲಿ ಪ್ರಕಟಿಸಿದ ಪಾಠದಿಂದ ಬೆಳೆದದ್ದು ‘ಟೆಕ್ಸ್ಟಸ್ ರಿಸೆಪ್ಟಸ್’. ಕಿಂಗ್ ಜೇಮ್ಸ್ ನಿಂತಿರುವುದು ಅದರ ಮೇಲೆ. ಹಳೆಯ ಹಸ್ತಪ್ರತಿಗಳನ್ನು ತೂಗಿ ನೋಡಿ ಸಿದ್ಧಪಡಿಸಿದ್ದು ವಿಮರ್ಶಾತ್ಮಕ ಪಾಠ. ನೆಸ್ಲೆ-ಆಲಂಡ್ ಅವರ 28ನೇ ಆವೃತ್ತಿ 2012ರಲ್ಲಿ ಬಂತು. 2010ರ ಎಸ್‌ಬಿಎಲ್ (ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್) ಗ್ರೀಕ್ ಪಾಠ ಉಚಿತವಾಗಿ ಸಿಗುತ್ತದೆ, ಆರಂಭಕ್ಕೆ ಅದು ಸಾಕು.

ನಮ್ಮ ವಚನದಲ್ಲಿ ಈ ಕವಲುಗಳ ನಡುವೆ ಎದ್ದುಕಾಣುವ ವ್ಯತ್ಯಾಸ ಒಂದು ಪುಟ್ಟ ಪದದ್ದು. ವಿಮರ್ಶಾತ್ಮಕ ಪಾಠದಲ್ಲಿ ‘ಎನ್ ಫತ್ನೇ’, ಅಂದರೆ ‘ಒಂದು ಗೋದಲಿಯಲ್ಲಿ’. ಟೆಕ್ಸ್ಟಸ್ ರಿಸೆಪ್ಟಸ್‌ನಲ್ಲಿ ‘ಎನ್ ತೇ ಫತ್ನೇ’, ‘ಆ ಗೋದಲಿಯಲ್ಲಿ’. ಕಥೆ ಬದಲಾಗುವುದಿಲ್ಲ, ಗುರುತು ಹಾಕಿ ಮುಂದೆ ಹೋಗೋಣ. ಎಲ್ಲ ಕಡೆಯೂ ಇಷ್ಟು ಹಗುರವಲ್ಲ. 1 ಯೋಹಾನ 5:7ರಲ್ಲಿ ಪರಲೋಕದ ಮೂವರು ಸಾಕ್ಷಿಗಳ ಮಾತು ಎರಾಸ್ಮಸ್‌ನ ಮೊದಲ ಎರಡು ಆವೃತ್ತಿಗಳಲ್ಲಿ ಇರಲೇ ಇಲ್ಲ. 1522ರ ಮೂರನೆಯದರಲ್ಲಿ ಸೇರಿತು. ಅಂಥ ವಚನದಲ್ಲಿ ಪದದ ಅರ್ಥಕ್ಕೆ ಕೈಹಾಕುವ ಮೊದಲು ಪದ ಅಲ್ಲಿದೆಯೇ ಎಂದು ಕೇಳಬೇಕು.

4. ಪದ ಬಿಡಿಸಿ: ವಿಭಕ್ತಿ ನಮ್ಮ ನೆಂಟ

ಈಗ ಸಾಲಿನಡಿ ಅರ್ಥ ಕೊಡುವ ಪಾಠ ತೆರೆಯಿರಿ. ಕೇಂಬ್ರಿಜ್‌ನ ಟಿಂಡೇಲ್ ಹೌಸ್ ರೂಪಿಸಿದ ಸ್ಟೆಪ್ ಬೈಬಲ್ ನನಗೆ ಹೆಚ್ಚು ಇಷ್ಟ. ಬೈಬಲ್ ಹಬ್, ಬ್ಲೂ ಲೆಟರ್ ಬೈಬಲ್ ಕೂಡ ಉಚಿತ. ಪ್ರತಿ ಪದದ ಜೊತೆ ಮೂರು ಸಂಗತಿ ಸಿಗುತ್ತವೆ: ಮೂಲರೂಪ, ವ್ಯಾಕರಣದ ಸಂಕೇತ, ಒಂದು ಸಂಖ್ಯೆ. ಆ ಸಂಖ್ಯೆ 1890ರಲ್ಲಿ ಪ್ರಕಟವಾದ ಸ್ಟ್ರಾಂಗ್ ಅವರ ಪದಸೂಚಿಯದು. ಕತಲುಮಕ್ಕೆ 2646.

ನೋಟ್‌ಬುಕ್ಕಿನಲ್ಲಿ ಒಂದೊಂದು ಪದಕ್ಕೆ ಒಂದೊಂದು ಸಾಲು ಬಿಟ್ಟು ಕೈಯಲ್ಲೇ ಬರೆಯಿರಿ. ನಕಲು ಅಂಟಿಸಿದರೆ ಕಣ್ಣು ಜಾರುತ್ತದೆ. ‘ಎತೆಕೆನ್’ ಪಕ್ಕದ ಸಂಕೇತ ಬಿಡಿಸಿದರೆ ಬರುವುದು ಅಓರಿಸ್ಟ್ ಕಾಲ, ಕರ್ತರಿ, ಪ್ರಥಮ ಪುರುಷ ಏಕವಚನ. ‘ಹೆತ್ತಳು’, ಅಷ್ಟೇ. ಅಓರಿಸ್ಟ್ ಎಂದಕೂಡಲೇ ‘ಒಂದೇ ಬಾರಿಗೆ, ಶಾಶ್ವತವಾಗಿ’ ಎಂದು ಪ್ರಸಂಗ ಕಟ್ಟುವವರಿದ್ದಾರೆ. ಅದು ಗ್ರೀಕರು ಕಥೆ ಹೇಳಲು ಬಳಸುತ್ತಿದ್ದ ಸಾದಾ ಭೂತಕಾಲದ ರೂಪ, ಅದರ ಮೇಲೆ ದೇವತಾಶಾಸ್ತ್ರ ಹೇರಬೇಡಿ.

ನಾಮಪದಗಳಿಗೆ ಬಂದಾಗ ಶಾಲೆಯಲ್ಲಿ ಉರು ಹೊಡೆದ ವಿಭಕ್ತಿ ಕೈಹಿಡಿಯುತ್ತದೆ. ಪ್ರಥಮಾ, ದ್ವಿತೀಯಾ, ಚತುರ್ಥಿ, ಷಷ್ಠಿ, ಸಂಬೋಧನೆ ಎಂಬ ಐದು ರೂಪ ಗ್ರೀಕಿನಲ್ಲಿವೆ. ತೃತೀಯಾ, ಸಪ್ತಮಿಗಳ ಕೆಲಸವನ್ನು ಬಹುಪಾಲು ಚತುರ್ಥಿಯೇ ಹೊತ್ತುಕೊಂಡಿದೆ. ‘ಊಕ್ ಏನ್ ಔತೊಯ್ಸ್ ತೊಪೊಸ್’ ನೋಡಿ: ‘ಇರಲಿಲ್ಲ ಅವರಿಗೆ ಸ್ಥಳ’. ಇಂಗ್ಲಿಷಿನಲ್ಲಿ ಇದಕ್ಕೆ ಸುತ್ತುಬಳಸು ಬೇಕು. ನಾವು ‘ನನಗೆ ಮನೆ ಇದೆ’ ಎಂದು ದಿನವೂ ಆಡುವ ವಾಕ್ಯದ ಅಚ್ಚೇ ಅದು. ‘ಅವರಿಗೆ’ ಎಂಬುದು ಹಗುರದ ಪದವಲ್ಲ ಎಂಬುದನ್ನೂ ಗಮನಿಸಿ. ಅಲ್ಲಿ ಸ್ಥಳವೇ ಇರಲಿಲ್ಲ ಎನ್ನುವುದಕ್ಕೂ ಅವರಿಗೆ ಸ್ಥಳವಿರಲಿಲ್ಲ ಎನ್ನುವುದಕ್ಕೂ ಅಂತರವಿದೆ.

ನಾವು ಎಡವುವ ಜಾಗವೂ ಇಲ್ಲೇ ಇದೆ. ಗ್ರೀಕಿನಲ್ಲಿ ನಿರ್ದೇಶಕ ಪದವಿದೆ, ಕನ್ನಡದಲ್ಲಿಲ್ಲ. ‘ಎನ್ ತೋ ಕತಲುಮತಿ’ ಎಂದರೆ ‘ಆ ಕತಲುಮದಲ್ಲಿ’. ಯಾವುದೋ ಒಂದರಲ್ಲಲ್ಲ, ಮಾತಿನ ಸಂದರ್ಭದಲ್ಲಿ ಗೊತ್ತಿರುವ ಒಂದರಲ್ಲಿ. ಕನ್ನಡ ಅನುವಾದ ಈ ‘ತೋ’ವನ್ನು ಸದ್ದಿಲ್ಲದೆ ನುಂಗುತ್ತದೆ. ಹಾಗಾಗಿ ನಿರ್ದೇಶಕ ಪದ ಬಂದಲ್ಲೆಲ್ಲ ಸುತ್ತು ಹಾಕಿ.

5. ನಿಘಂಟು ತೀರ್ಪುಗಾರನಲ್ಲ, ಸಾಕ್ಷಿ

ವಚನದ ಎಲ್ಲ ಪದಗಳನ್ನೂ ಬೆನ್ನಟ್ಟಬೇಡಿ. ನಿಮ್ಮ ಪ್ರಶ್ನೆ ಯಾವ ಪದದ ಮೇಲೆ ನಿಂತಿದೆಯೋ ಅದೊಂದು, ಹೆಚ್ಚೆಂದರೆ ಎರಡು. ನಮಗೆ ಕತಲುಮ ಮತ್ತು ಫತ್ನೇ.

ಸ್ಟ್ರಾಂಗ್ ಸಂಖ್ಯೆಯ ಕೆಳಗಿರುವ ಚಿಕ್ಕ ಅರ್ಥಪಟ್ಟಿಯನ್ನೇ ನಿಘಂಟು ಎಂದುಕೊಳ್ಳುವುದು ದೊಡ್ಡ ತಪ್ಪು. ಅದರಲ್ಲಿ ಬಹಳಷ್ಟು ಕಿಂಗ್ ಜೇಮ್ಸ್ ಆ ಪದವನ್ನು ಹೇಗೆ ಅನುವಾದಿಸಿತು ಎಂಬುದರ ಪಟ್ಟಿ; ಅನುವಾದವನ್ನು ಅದೇ ಅನುವಾದದಿಂದ ಪರೀಕ್ಷಿಸಿದಂತಾಗುತ್ತದೆ. ಉಚಿತವಾಗಿ ಸಿಗುವ ಥೇಯರ್ ನಿಘಂಟು ಅದಕ್ಕಿಂತ ವಿವರವಾದದ್ದು, ಆದರೆ 1880ರ ದಶಕದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಅಗೆತ ಶುರುವಾದದ್ದು 1890ರ ದಶಕದ ಕೊನೆಯಲ್ಲಿ. ಆ ಕಸದ ಗುಡ್ಡೆಗಳಿಂದ ಹೊರಬಂದ ಪತ್ರ, ರಸೀದಿ, ಕರಾರುಗಳು ಹೊಸ ಒಡಂಬಡಿಕೆಯ ಗ್ರೀಕ್ ಪವಾಡದ ಭಾಷೆಯಲ್ಲ, ಸಂತೆ ಬೀದಿಯ ಆಡುಮಾತಿಗೆ ಹತ್ತಿರದ ‘ಕೊಯ್ನೇ’ ಎಂದು ತೋರಿಸಿದವು. ಆ ಬೆಳಕು ಥೇಯರ್‌ಗೆ ಸಿಕ್ಕಿರಲಿಲ್ಲ. ಇಂದು ವಿದ್ವಾಂಸರು ನೆಚ್ಚುವುದು ಬಾವರ್ ಮತ್ತು ಡಾಂಕರ್ ಪರಂಪರೆಯ ನಿಘಂಟನ್ನು. ಅದರ ಇಂಗ್ಲಿಷ್ ಮೂರನೇ ಆವೃತ್ತಿ 2000ದ್ದು. ಬೆಲೆ ಹೆಚ್ಚು. ದೇವಶಾಸ್ತ್ರ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತು ನೋಡಬಹುದು.

6. ಪದ ಎಲ್ಲೆಲ್ಲಿ ಓಡಾಡಿದೆ ನೋಡಿ

ಇಡೀ ಕೆಲಸದ ಹೃದಯ ಇದು. ಸಮಯ ಕಡಿಮೆಯಿದ್ದರೆ ಮಿಕ್ಕ ಹೆಜ್ಜೆಗಳಲ್ಲಿ ಉಳಿಸಿ, ಇಲ್ಲಿ ಖರ್ಚು ಮಾಡಿ. ಕ್ರಮವೂ ಮುಖ್ಯ: ಮೊದಲು ಅದೇ ಲೇಖಕ, ಆಮೇಲೆ ಹೊಸ ಒಡಂಬಡಿಕೆಯ ಉಳಿದವರು, ಆಮೇಲೆ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್.

ಹೊಸ ಒಡಂಬಡಿಕೆಯಲ್ಲಿ ಕತಲುಮ ಬರುವುದು ಮೂರೇ ಸಲ. ಒಂದು ನಮ್ಮ ವಚನ. ಇನ್ನೆರಡು ಮಾರ್ಕ 14:14 ಮತ್ತು ಲೂಕ 22:11, ಎರಡೂ ಯೆಹೂದ್ಯರ ಪಸ್ಕ ಹಬ್ಬದ ಊಟದ ಸಿದ್ಧತೆಯ ಪ್ರಸಂಗ. ಶಿಷ್ಯರು ಮನೆಯ ಯಜಮಾನನಿಗೆ ‘ಕತಲುಮ ಎಲ್ಲಿ?’ ಎಂದು ಕೇಳಬೇಕು. ಅವನು ತೋರಿಸುವುದು ಸಜ್ಜುಗೊಳಿಸಿದ ದೊಡ್ಡ ಮೇಲಂತಸ್ತಿನ ಕೋಣೆಯನ್ನು. ಇಲ್ಲಿ ಛತ್ರಕ್ಕೆ ಜಾಗವೇ ಇಲ್ಲ. ಒಂದು ಮನೆಯೊಳಗಿನ ಅತಿಥಿಕೋಣೆ ಇದು.

ಲೂಕನಿಗೆ ಛತ್ರಕ್ಕೆ ಪದ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ, 10:34ರಲ್ಲಿ, ಗಾಯಾಳುವನ್ನು ಒಯ್ದದ್ದು ‘ಪಂದೊಖೇಯೊನ್’ಗೆ, ಎಲ್ಲರನ್ನೂ ಇಳಿಸಿಕೊಳ್ಳುವ ತಾಣಕ್ಕೆ. ಮುಂದಿನ ವಚನದಲ್ಲೇ ಅದರ ಮೇಲ್ವಿಚಾರಕನೂ ಇದ್ದಾನೆ, ಎರಡು ದಿನಾರಿಗಳೂ ಇವೆ. ನಾಟಕದ ಯಜಮಾನ ಬೇಕಾದವರು ಅವನನ್ನು ಅಲ್ಲಿಂದ ಎರವಲು ತಂದಿದ್ದಾರೆ!

ಇಷ್ಟು ಸಿಕ್ಕ ಕೂಡಲೇ ‘ಗೆದ್ದೆ’ ಎನ್ನಿಸುತ್ತದೆ. ನಾನೂ ಹಾಗೆಂದುಕೊಂಡು ನೋಟ್‌ಬುಕ್ ಮುಚ್ಚಿದ್ದೆ. ಸೆಪ್ಟುಅಜಿಂಟ್ ನೋಡಿದ ಮೇಲೆ ಮತ್ತೆ ತೆರೆಯಬೇಕಾಯಿತು. 1 ಸಮುವೇಲ 9:22ರಲ್ಲಿ ಸಮುವೇಲನು ಸೌಲನನ್ನು ಔತಣಕ್ಕೆ ಕರೆದೊಯ್ಯುವ ಕೋಣೆ ಕತಲುಮ. ಇದು ಅತಿಥಿಕೋಣೆಯ ಕಡೆಗಿದೆ. ಆದರೆ ವಿಮೋಚನಕಾಂಡ 4:24ರಲ್ಲಿ ಮೋಶೆ ಪ್ರಯಾಣದ ದಾರಿಯಲ್ಲಿ ತಂಗಿದ ಜಾಗವೂ ಕತಲುಮವೇ. ವಿಮೋಚನಕಾಂಡ 15:13ರಲ್ಲಿ ದೇವರ ಪರಿಶುದ್ಧ ನಿವಾಸಕ್ಕೂ ಅದೇ ಪದ. ಅಂದಮೇಲೆ ಪದದ ಹರವು ‘ಅತಿಥಿಕೋಣೆ’ಗಿಂತ ಅಗಲ: ತಂಗುವ ಜಾಗ, ಎಲ್ಲೇ ಇರಲಿ, ಹೇಗೇ ಇರಲಿ.

ಆದ್ದರಿಂದ ಹೇಳಬಹುದಾದದ್ದು ಇಷ್ಟು. ಕತಲುಮ ಎಂದರೆ ಛತ್ರವೇ ಆಗಬೇಕಿಲ್ಲ. ಲೂಕನ ಸ್ವಂತ ಬಳಕೆ ಮನೆಯ ಕಡೆಗೆ ವಾಲುತ್ತದೆ. ಆದರೆ ಪದವೊಂದೇ ಅದನ್ನು ಸಾಬೀತು ಮಾಡುವುದಿಲ್ಲ.

ಫತ್ನೇ ಕಥೆಯೂ ಸೊಗಸಾಗಿದೆ. ಹೊಸ ಒಡಂಬಡಿಕೆಯಲ್ಲಿ ಅದರ ನಾಲ್ಕೂ ಪ್ರಯೋಗ ಲೂಕನದೇ: ಮೂರು ಈ ಅಧ್ಯಾಯದಲ್ಲಿ, ಒಂದು 13:15ರಲ್ಲಿ, ಸಬ್ಬತ್ ದಿನ ಎತ್ತನ್ನೋ ಕತ್ತೆಯನ್ನೋ ಫತ್ನೇಯಿಂದ ಬಿಚ್ಚಿ ನೀರಿಗೆ ಒಯ್ಯುವ ಮಾತಿನಲ್ಲಿ. ಮೇವಿನ ತೊಟ್ಟಿ ಇದೆ ಎಂದರೆ ದನದ ಕೊಟ್ಟಿಗೆ ಬೇರೆಯೇ ಇತ್ತು ಎಂದಾಗುವುದಿಲ್ಲ. ರಾತ್ರಿ ಜಾನುವಾರುಗಳನ್ನು ಮನೆಯೊಳಗೇ ಕಟ್ಟುವ ವಾಡಿಕೆ ಆ ನಾಡಿನಲ್ಲಿತ್ತು. ಇನ್ನು ಗೋದಲಿಯ ಪಕ್ಕ ನಾವು ನಿಲ್ಲಿಸುವ ಎತ್ತು, ಕತ್ತೆ? ಲೂಕನಲ್ಲಿ ಅವಿಲ್ಲ. ಯೆಶಾಯ 1:3ರಲ್ಲಿವೆ: ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು. ಸೆಪ್ಟುಅಜಿಂಟ್‌ನಲ್ಲಿ ಅಲ್ಲಿರುವ ಪದವೂ ಫತ್ನೇ.

7. ಜಾರುಬಂಡೆಗಳು

ಪದದ ಬೇರು ಅಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಕತಲುಮ ಬಂದದ್ದು ‘ಕತಲುಓ’ ಕ್ರಿಯಾಪದದಿಂದ. ಬಿಚ್ಚುವುದು, ಕಳಚುವುದು ಅದರ ಮೂಲಾರ್ಥ. ಪ್ರಯಾಣದ ಹೊರೆ ಬಿಚ್ಚಿ ತಂಗುವುದು ಅದರಿಂದ ಬೆಳೆದ ಅರ್ಥ. ಜಕ್ಕಾಯನ ಮನೆಯಲ್ಲಿ ಯೇಸು ಇಳಿದುಕೊಂಡದ್ದಕ್ಕೆ, ಲೂಕ 19:7ರಲ್ಲಿ, ಇದೇ ಕ್ರಿಯಾಪದ. ಎರಡು ಅಧ್ಯಾಯ ಮುಂದೆ, 21:6ರಲ್ಲಿ, ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದಂತೆ ಕೆಡವಲಾಗುವುದು ಎನ್ನುವಾಗಲೂ ಇದೇ ಕ್ರಿಯಾಪದ. ಪದದ ಬೇರೇ ಅದರ ಅರ್ಥವಾಗಿದ್ದರೆ ಯೇಸು ಜಕ್ಕಾಯನ ಮನೆ ಕೆಡವಲು ಹೋದನೆನ್ನಬೇಕಾಗುತ್ತಿತ್ತು.

‘ಅಗಾಪೇ ಎಂದರೆ ದೈವಿಕ ಪ್ರೀತಿ’ ಎಂಬ ಮಾತು ಇನ್ನೂ ಜನಪ್ರಿಯ. ಒಂದು ಅಧ್ಯಯನ ಕೂಟದಲ್ಲಿ ನಾನೇ ಅದನ್ನು ಠೀವಿಯಿಂದ ಹೇಳಿದ್ದೆ. ಸೆಪ್ಟುಅಜಿಂಟ್‌ನ 2 ಸಮುವೇಲ 13ರಲ್ಲಿ ಅಮ್ನೋನನು ತಂಗಿ ತಾಮಾರಳ ಮೇಲೆ ಇಟ್ಟಿದ್ದ ಕೆಟ್ಟ ಮೋಹಕ್ಕೂ ಅದೇ ಪದ ಎಂದು ಆಮೇಲೆ ಓದಿ ಮುಖ ಬಾಡಿತು. ಯೋಹಾನ 3:19ರಲ್ಲಿ ಜನ ಕತ್ತಲೆಯನ್ನು ಪ್ರೀತಿಸಿದ್ದಕ್ಕೂ ಅದರ ಕ್ರಿಯಾರೂಪವೇ ಇದೆ. ಹಾಗೆಯೇ ‘ದುನಮಿಸ್’ ಎಂಬ ಶಕ್ತಿಪದದಿಂದ ಡೈನಮೈಟ್ ಸಿಡಿಸುವುದು: ನೊಬೆಲ್ ಆ ಹೆಸರಿಟ್ಟದ್ದು 1867ರಲ್ಲಿ, ಪೌಲನ ಕಿವಿಗೆ ಸ್ಫೋಟ ಕೇಳಿರಲಾರದು.

ಸಾಮಾನ್ಯ ನಿಯಮವಾಗಿ ಹೇಳುವುದಾದರೆ, ನೀವು ಕಂಡುಕೊಂಡ ಅರ್ಥ ಯಾವ ಪ್ರಮುಖ ಅನುವಾದದಲ್ಲೂ, ಯಾವ ವ್ಯಾಖ್ಯಾನದಲ್ಲೂ ಇಲ್ಲದಿದ್ದರೆ ತಪ್ಪು ನಿಮ್ಮದೇ ಇರಬಹುದು. ಎರಡು ಒಳ್ಳೆಯ ವ್ಯಾಖ್ಯಾನಗಳನ್ನು ಕೊನೆಯಲ್ಲಿ ಓದಿ. ಮೊದಲೇ ಓದಿದರೆ ಅವರ ಕಣ್ಣಿನಿಂದಲೇ ನೋಡುತ್ತೀರಿ.

8. ನಿಮ್ಮದೇ ಕನ್ನಡದಲ್ಲಿ ಬರೆಯಿರಿ

ಅರ್ಥವಾಗಿದೆಯೋ ಇಲ್ಲವೋ ಎಂಬುದಕ್ಕೆ ಒಂದೇ ಪರೀಕ್ಷೆ: ವಚನವನ್ನು ನೀವೇ ಅನುವಾದಿಸಬೇಕು. ನನ್ನದು ಹೀಗಿದೆ:

‘ತನ್ನ ಚೊಚ್ಚಲ ಮಗನನ್ನು ಹೆತ್ತಳು, ಬಟ್ಟೆಯಲ್ಲಿ ಸುತ್ತಿದಳು, ಗೋದಲಿಯಲ್ಲಿ ಮಲಗಿಸಿದಳು; ಏಕೆಂದರೆ ಆ ಬಿಡಾರದಲ್ಲಿ ಅವರಿಗೆ ಜಾಗವಿರಲಿಲ್ಲ.’

‘ಬಿಡಾರ’ ನನಗೆ ತಡವಾಗಿ ಹೊಳೆದ ಪದ. ಮನೆಯ ಕೋಣೆಯಾಗಬಹುದು, ದಾರಿಯ ತಂಗುದಾಣವಾಗಬಹುದು, ತಾತ್ಕಾಲಿಕ ವಾಸ ಎಂಬುದಷ್ಟೇ ಖಚಿತ. ಗ್ರೀಕ್ ಎಲ್ಲಿ ಬಾಯಿ ಮುಚ್ಚುತ್ತದೋ ಅಲ್ಲೇ ಇದೂ ಮುಚ್ಚುತ್ತದೆ. ತಮಾಷೆಯೆಂದರೆ ‘ಬೀಡು’, ‘ಬಿಡಾರ’ಗಳ ಹಿಂದೆ ನಮ್ಮ ‘ಬಿಡು’ ಧಾತುವಿದೆ, ಕತಲುಓ ಬಿಚ್ಚಿದ ಗಂಟನ್ನೇ ಇದೂ ಬಿಚ್ಚಿದೆ. ಆದರೆ ನಾನು ಅದನ್ನು ಆರಿಸಿದ್ದು ಬೇರು ಕೂಡಿಬಂತೆಂದಲ್ಲ, ಬಳಕೆಯ ಹರವು ಹೊಂದಿತೆಂದು.

ಅನುವಾದದ ಕೆಳಗೆ ಖಚಿತವಾದದ್ದು, ಸಾಧ್ಯವಾದದ್ದು, ಆಧಾರವಿಲ್ಲದ್ದು ಎಂದು ಮೂರು ಸಾಲು ಬರೆದಿಡಿ. ನನ್ನ ಪುಟದಲ್ಲಿ ಮೊದಲ ಸಾಲಿನಲ್ಲಿ ‘ಅವರಿಗೆ ಜಾಗವಿರಲಿಲ್ಲ’ ಇದೆ, ಎರಡನೆಯದರಲ್ಲಿ ‘ಬಂಧುಗಳ ಮನೆಯ ಅತಿಥಿಕೋಣೆ’, ಮೂರನೆಯದರಲ್ಲಿ ಛತ್ರದ ಯಜಮಾನ.

ಮುಂದಿನ ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಅದೇ ಅಧ್ಯಾಯದ 14ನೇ ವಚನ, ದೇವದೂತರ ಹಾಡು ತೆಗೆದುಕೊಳ್ಳಿ. ಕೊನೆಯ ಪದ ಕೆಲವು ಹಸ್ತಪ್ರತಿಗಳಲ್ಲಿ ‘ಯೂದೊಕಿಯ’, ಕೆಲವುಗಳಲ್ಲಿ ‘ಯೂದೊಕಿಯಸ್’. ಒಂದೇ ಒಂದು ಸಕಾರ; ಅದು ಇದ್ದರೆ ಷಷ್ಠಿ, ಇಲ್ಲದಿದ್ದರೆ ಪ್ರಥಮಾ, ಸಮಾಧಾನ ಯಾರಿಗೆ ಎಂಬುದೇ ಬದಲಾಗುತ್ತದೆ. ಸಿನಾಯ್ ಹಸ್ತಪ್ರತಿಯಲ್ಲಿ ಮೊದಲ ಲಿಪಿಕಾರ ಬರೆದ ಆ ಸಕಾರವನ್ನು ಮುಂದೆ ಯಾರೋ ತಿದ್ದುಗಾರ ಅಳಿಸಿದ್ದಾನೆ. ಛಾಯಾಚಿತ್ರದಲ್ಲಿ ಆ ಜಾಗ ಹುಡುಕಿ, ಅಲ್ಲಿಂದ ಶುರು ಮಾಡಿ.